ಹಾಡಿಸುವವರಿದ್ದಾರೆ, ಕಲಿಸುವವರಿಲ್ಲ

ಕರ್ನಾಟಕದ ಯಾವ ಸರ್ಕಾರಿ ಶಾಲೆಗೆ ಬೇಕಾದರೂ ಹೋಗಿ ನೋಡಿ, ದಿನ ಶುರುವಾಗುವುದು ಹಾಡಿನಿಂದ. ಬೆಲ್ ಹೊಡೆದ ಕೂಡಲೇ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಪ್ರಾರ್ಥನೆ ಆಗುತ್ತದೆ, ನಾಡಗೀತೆ ಆಗುತ್ತದೆ, ರಾಷ್ಟ್ರಗೀತೆ ಆಗುತ್ತದೆ. ಆಗಸ್ಟ್ 15ಕ್ಕೆ ದೇಶಭಕ್ತಿ ಗೀತೆ, ನವೆಂಬರ್ 1ಕ್ಕೆ ಕನ್ನಡ ಗೀತೆ. ಶಾಸಕರು ಕಟ್ಟಡ ಉದ್ಘಾಟನೆಗೆ ಬಂದರೆ ಸ್ವಾಗತ ಗೀತೆ, ಹೆಡ್ ಮೇಷ್ಟ್ರು ನಿವೃತ್ತರಾದರೆ ಬೀಳ್ಕೊಡುಗೆ ಗೀತೆ. ಇಷ್ಟೆಲ್ಲ ಹಾಡಿಸುವ ಶಾಲೆಯ ವೇಳಾಪಟ್ಟಿಯನ್ನು ಒಮ್ಮೆ ಓದಿ. ಗಣಿತ ಇದೆ, ವಿಜ್ಞಾನ ಇದೆ, ಮೂರು ಭಾಷೆಗಳಿವೆ. ಸಂಗೀತ ಎಂದು ಬರೆದಿರುವುದು ಅಪರೂಪ. ಬರೆದಿದ್ದರೂ ಆ ಹೊತ್ತಿನಲ್ಲಿ ಗಣಿತದ ಬಾಕಿ ಪಾಠ ನಡೆಯುತ್ತಿರುತ್ತದೆ.

ಹಾಗಾದರೆ ಮಕ್ಕಳಿಗೆ ಹಾಡು ಕಲಿಸುವವರು ಯಾರು? ಗಂಟಲು ಸ್ವಲ್ಪ ಚೆನ್ನಾಗಿರುವ ಒಬ್ಬ ಟೀಚರ್ ಇದ್ದರೆ ಅವರ ತಲೆಗೆ ಆ ಕೆಲಸ ಬೀಳುತ್ತದೆ. ಅವರಿಗೆ ವರ್ಗಾವಣೆ ಆದರೆ ಹಾಡೂ ಅವರ ಜತೆಗೇ ಹೋಗುತ್ತದೆ. ಆಮೇಲೆ ಮೊಬೈಲ್‌ನಲ್ಲಿ ಹಾಡು ಹಾಕಿ, ಮೈಕಿಗೆ ಹಿಡಿದು, ಮಕ್ಕಳಿಗೆ ತುಟಿ ಆಡಿಸಲು ಹೇಳುತ್ತಾರೆ.

ನಮ್ಮ ವಾದ ಇಷ್ಟೇ. ನಮ್ಮ ಶಿಕ್ಷಣ ವ್ಯವಸ್ಥೆ ಮಕ್ಕಳಿಂದ ಹಾಡು ಕೇಳುತ್ತದೆ, ಹಾಡಿಗೆ ಸ್ಪರ್ಧೆ ಇಡುತ್ತದೆ, ಬಹುಮಾನ ಕೊಡುತ್ತದೆ. ಕಲಿಸುವ ಹೊಣೆಯನ್ನು ಮಾತ್ರ ಹೊತ್ತುಕೊಂಡಿಲ್ಲ. ಕಲಿಸದೆ ಪರೀಕ್ಷೆ ಮಾಡುವುದು ಗಣಿತದಲ್ಲಿ ಅನ್ಯಾಯ ಎನಿಸಿಕೊಂಡರೆ ಸಂಗೀತದಲ್ಲೂ ಅದು ಅನ್ಯಾಯವೇ. ಇದನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಡ. ಐದು ಶಾಲೆಗೆ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ, ಪ್ರತಿ ತರಗತಿಗೆ ವಾರಕ್ಕೆ ಒಂದು ಪೀರಿಯಡ್. ಇಷ್ಟಾದರೆ ಶುರು ಮಾಡಬಹುದು.

ವಿಮಾನಪುರ ಯಾಕೆ?

ಜಿಲ್ಲೆ, ತಾಲ್ಲೂಕುಗಳಲ್ಲಿ ಸುದ್ದಿ ಹುಡುಕುವ ನಮಗೆ ಬೆಂಗಳೂರಿನ ವಿಮಾನಪುರದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ಅಲ್ಲಿನ ಸರ್ಕಾರಿ ಶಾಲೆಗಳ ಬೆಂಚುಗಳ ಮೇಲೆ ಕೂತವರಲ್ಲಿ ನಮ್ಮ ಊರುಗಳ ಮಕ್ಕಳೂ ಇದ್ದಾರೆ.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಅದೇ ಮುಂದೆ ಎಚ್‌ಎಎಲ್ ಆಯಿತು, ಕಾರ್ಖಾನೆ ಇದ್ದ ಜಾಗ ವಿಮಾನಪುರ ಆಯಿತು. ಸುತ್ತಲಿನ ವಿಭೂತಿಪುರ, ಕಗ್ಗದಾಸಪುರ, ಮುರುಗೇಶಪಾಳ್ಯ, ದೊಡ್ಡನೆಕ್ಕುಂದಿ ಒಂದು ಕಾಲಕ್ಕೆ ಹಳ್ಳಿಗಳು, ಈಗ ಅಪಾರ್ಟ್‌ಮೆಂಟುಗಳ ಊರು. ಆ ಅಪಾರ್ಟ್‌ಮೆಂಟುಗಳನ್ನು ಕಟ್ಟಲು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಜನ ಬಂದರು. ತಮಿಳುನಾಡು, ಆಂಧ್ರದಿಂದ ಬಂದವರು ಮೊದಲಿನಿಂದಲೂ ಇದ್ದಾರೆ. ಈಚೆಗೆ ಒಡಿಶಾ, ಬಂಗಾಳದವರೂ ಸೇರಿಕೊಂಡಿದ್ದಾರೆ. ಗಾರೆ ಕೆಲಸ, ಮನೆಗೆಲಸ, ಸೆಕ್ಯುರಿಟಿ ಕೆಲಸ ಮಾಡುವ ಇವರೆಲ್ಲರ ಮಕ್ಕಳು ಕಲಿಯುವುದು ಸರ್ಕಾರಿ ಶಾಲೆಯಲ್ಲಿ. ಒಂದೇ ತರಗತಿಯಲ್ಲಿ ನಾಲ್ಕೈದು ಮನೆಮಾತುಗಳು. ಮೇಲೆ ಹೆಲಿಕಾಪ್ಟರ್ ಹಾದು ಹೋದರೆ ಟೀಚರ್ ಮಾತು ಅರೆಗಳಿಗೆ ನಿಲ್ಲುತ್ತದೆ.

ಆದರೆ ಈ ಕಡೆ ಸಂಗೀತಕ್ಕೆ ಬರವಿಲ್ಲ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಉತ್ಸವಕ್ಕೆ ನಾದಸ್ವರ, ಡೋಲು ಬರುತ್ತವೆ. ಕೆರೆ ಪಕ್ಕದ ಗುರುದ್ವಾರದಲ್ಲಿ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಕೀರ್ತನೆ ಹಾಡುತ್ತಾರೆ. ಅಲ್ಲೇ ಹತ್ತಿರ ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಸೇನಾ ಕೇಂದ್ರವಿದೆ, ಅದಕ್ಕೆ ತನ್ನದೇ ಬ್ಯಾಂಡ್ ಇದೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ತಮಿಳು, ಕನ್ನಡ, ಇಂಗ್ಲಿಷ್ ಹಾಡುಗಳು ಕೇಳುತ್ತವೆ. ಅಲ್ಲಿಂದ ನಾಲ್ಕು ಹೆಜ್ಜೆ ಹೋದರೆ ಕವ್ವಾಲಿ, ನಾತ್. ಹಳೆ ಹಳ್ಳಿಗಳ ಊರಹಬ್ಬಕ್ಕೆ ತಮಟೆ ಇಲ್ಲದೆ ಕರಗವೂ ಏಳುವುದಿಲ್ಲ, ದೇವರೂ ಹೊರಡುವುದಿಲ್ಲ. ಸಂಗೀತದ ಬರ ಇರುವುದು ಶಾಲೆಯ ಕಾಂಪೌಂಡಿನ ಒಳಗೆ.

ಖಾಸಗಿ ಶಾಲೆಗಳ ಮಾತು ಬೇರೆ. ಹಳೆ ವಿಮಾನ ನಿಲ್ದಾಣ ರಸ್ತೆಯ ಉದ್ದಕ್ಕೂ ಶಾಲೆಗಳ ಜಾಹೀರಾತು ನೋಡಿ. ಕೀಬೋರ್ಡ್, ಗಿಟಾರ್, ಕರ್ನಾಟಕ ಸಂಗೀತ, ಪಾಶ್ಚಾತ್ಯ ಸಂಗೀತ, ಎಲ್ಲದರ ಫೋಟೊ ಇರುತ್ತದೆ. ಶಾಲೆಯಲ್ಲಿ ಸಿಗದಿದ್ದರೆ ಸಂಜೆ ಕ್ಲಾಸಿಗೆ ಕಳಿಸುವ ಶಕ್ತಿ ಆ ತಂದೆತಾಯಿಗೆ ಇದೆ. ಸಂಜೆ ಏಳಕ್ಕೆ ಕೆಲಸದಿಂದ ಮನೆಗೆ ಬರುವ ಗಾರೆ ಕೆಲಸದ ತಾಯಿಗೆ ಆ ದಾರಿ ಇಲ್ಲ. ಅವಳ ಮಗುವಿಗೆ ಸಂಗೀತ ಸಿಗಬೇಕಾದರೆ ಅದು ಶಾಲೆಯಲ್ಲೇ ಸಿಗಬೇಕು, ಶಾಲೆಯ ಹೊತ್ತಿನಲ್ಲೇ ಸಿಗಬೇಕು, ಪುಕ್ಕಟೆ ಸಿಗಬೇಕು. ನಮ್ಮ ಹಳ್ಳಿಗಳಲ್ಲೂ ಇದೇ ಕತೆ. ವ್ಯತ್ಯಾಸ ಏನೆಂದರೆ ವಿಮಾನಪುರದಲ್ಲಿ ಎರಡೂ ಬಗೆಯ ಶಾಲೆಗಳು ಒಂದೇ ರಸ್ತೆಯಲ್ಲಿವೆ, ಕಣ್ಣಿಗೆ ಹೊಡೆದು ಕಾಣುತ್ತದೆ.

ಮೂರನೇ ತರಗತಿಗೆ ನಿಂತು ಹೋಗುವ ಹಾಡು

ಹಾಡಿನಿಂದ ಕಲಿಸುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಶುರುವಾಯಿತು. ಕಾಡಂಚಿನ ಶಾಲೆಗಳ ಮೇಷ್ಟ್ರುಗಳೇ ಸೇರಿ ಹಾಡು, ಆಟ, ಕಾರ್ಡುಗಳ ಮೂಲಕ ಕಲಿಸುವ ಕ್ರಮ ರೂಪಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಒಂದರಿಂದ ಮೂರನೇ ತರಗತಿಯವರೆಗೆ ಮಕ್ಕಳು ಎಣಿಕೆಯನ್ನೂ ಹಾಡಿ ಕಲಿಯುತ್ತಾರೆ, ಅಕ್ಷರವನ್ನೂ ಹಾಡಿ ಕಲಿಯುತ್ತಾರೆ.

ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಹಾಡು ನಿಲ್ಲುತ್ತದೆ. ಅಲ್ಲಿಂದ ಮುಂದೆ ಮಕ್ಕಳು ಸುಮ್ಮನೆ ಕೂರಬೇಕು. ಒಂಬತ್ತು ವರ್ಷದ ಮಗು, ಹಾಡಲು ನಾಚದ, ತಾಳ ಹಾಕಲು ಹಿಂಜರಿಯದ, ಕಿವಿ ಚುರುಕಾಗಿರುವ ವಯಸ್ಸು. ಕಲಿಸಿದರೆ ಬೇಗ ಹತ್ತುವ ಹೊತ್ತಿಗೆ ನಾವು ಬಾಗಿಲು ಹಾಕುತ್ತೇವೆ.

ಬಾಗಿಲು ಮತ್ತೆ ತೆರೆಯುವುದು ಪ್ರತಿಭಾ ಕಾರಂಜಿಯ ದಿನ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಹತ್ತುವ ಈ ಸ್ಪರ್ಧೆಯಲ್ಲಿ ಭಾವಗೀತೆ, ಜನಪದ ಗೀತೆ, ಕವ್ವಾಲಿ, ಧಾರ್ಮಿಕ ಪಠಣ ಎಲ್ಲವೂ ಇವೆ. ನಮ್ಮ ಪೈಕಿ ಪ್ರತಿಭಾ ಕಾರಂಜಿಯ ಸುದ್ದಿ ಬರೆಯದವರು ಯಾರೂ ಇಲ್ಲ. ಕಾರ್ಯಕ್ರಮ ಒಳ್ಳೆಯದೇ. ವೇದಿಕೆಯ ಮೇಲೆ ಮೊದಲ ಸಲ ಮೈಕ್ ಹಿಡಿದ ಮಗುವಿನ ಮುಖ ಕಂಡವರು ಅದನ್ನು ಬೇಡ ಅನ್ನಲಾರರು. ಆದರೆ ಸ್ಪರ್ಧೆಯ ಲೆಕ್ಕ ನೋಡಿ. ನಲವತ್ತು ಮಕ್ಕಳ ತರಗತಿಯಿಂದ ಭಾವಗೀತೆಗೆ ಹೋಗುವುದು ಒಂದು ಮಗು. ಮನೆಯಲ್ಲಿ ಹಾಡುವ ಅಜ್ಜಿ ಇರುವ ಮಗುವೋ, ದುಡ್ಡು ಕೊಟ್ಟು ಕ್ಲಾಸಿಗೆ ಹೋಗುವ ಮಗುವೋ ಆರಿಸಿ ಹೋಗುತ್ತದೆ. ಉಳಿದ ಮೂವತ್ತೊಂಬತ್ತು ಮಕ್ಕಳಿಗೆ ಸಿಗುವ ಸಂಗೀತ ಶಿಕ್ಷಣ ಎಂದರೆ ಚಪ್ಪಾಳೆ ತಟ್ಟುವುದು.

ಸ್ಪರ್ಧೆಯನ್ನಷ್ಟೇ ಬೆಳೆಸಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಕೇರಳವೇ ಉದಾಹರಣೆ. ಅಲ್ಲಿ 1957ರಿಂದ ರಾಜ್ಯಮಟ್ಟದ ಶಾಲಾ ಕಲೋತ್ಸವ ನಡೆಯುತ್ತಿದೆ. ಅದರ ವೈಭವ ದೊಡ್ಡದು, ಅದರಿಂದ ಬೆಳೆದ ಕಲಾವಿದರೂ ಬಹಳ. ಜತೆಗೆ ತಂದೆತಾಯಿ ಸಾಲ ಮಾಡಿ ಗುರುಗಳನ್ನು ಇಡುವುದು, ತೀರ್ಪಿನ ವಿರುದ್ಧ ಮೇಲ್ಮನವಿ ಹಾಕುವುದು, ಕೋರ್ಟಿಗೆ ಹೋಗುವುದು ಕೂಡ ಬೆಳೆಯಿತು. ಕಲಾತಿಲಕ, ಕಲಾಪ್ರತಿಭಾ ಎಂಬ ಬಿರುದುಗಳನ್ನೇ ಕೊನೆಗೆ ಕೈಬಿಡಬೇಕಾಯಿತು. ತರಗತಿ ಗಟ್ಟಿಯಾಗದೆ ವೇದಿಕೆ ಮಾತ್ರ ದೊಡ್ಡದಾದರೆ ಸ್ಪರ್ಧೆ ನಡೆಯುವುದು ಮಕ್ಕಳ ನಡುವೆ ಅಲ್ಲ, ಅಪ್ಪಂದಿರ ಜೇಬುಗಳ ನಡುವೆ.

ನಾಡಗೀತೆಯ ಕತೆಯನ್ನೂ ಇಲ್ಲಿ ನೆನೆಯಬೇಕು. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆ ಆಯಿತು. ಹಾಡುವ ಧಾಟಿ ಮೈಸೂರು ಅನಂತಸ್ವಾಮಿ ಅವರದ್ದೋ ಸಿ. ಅಶ್ವತ್ಥ್ ಅವರದ್ದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಸಮಿತಿಗಳಾದವು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟ್‌ಗೆ ಹೋಗಿ 2024ರಲ್ಲಿ ವಜಾ ಆಯಿತು. ಧಾಟಿ ಯಾವುದು, ಎಷ್ಟು ಸೆಕೆಂಡು ಎಂಬುದೆಲ್ಲ ತೀರ್ಮಾನವಾಯಿತು. ಆ ಧಾಟಿಯನ್ನು ವಿಭೂತಿಪುರದ ಐದನೇ ತರಗತಿಯ ಮಗುವಿಗೆ, ಶ್ರುತಿ ಎಲ್ಲಿ ಹಿಡಿಯಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಹೇಳಿಕೊಡುವವರು ಯಾರು ಎಂಬ ಪ್ರಶ್ನೆ ಉಳಿದೇ ಇದೆ.

ಕಾನೂನು ಏನು ಹೇಳುತ್ತದೆ?

ನಾವು ಕೇಳುತ್ತಿರುವುದು ದಾನವಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಓದಿ. 6ರಿಂದ 8ನೇ ತರಗತಿಯ ವಿಭಾಗದಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಪೂರ್ಣಾವಧಿ ಮುಖ್ಯಶಿಕ್ಷಕರು ಇರಬೇಕು. ಅದರ ಜತೆಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು. ಇದು ಸಲಹೆಯಲ್ಲ, ಶಾಲೆ ಎಂದರೆ ಹೇಗಿರಬೇಕು ಎಂಬ ಮಾನದಂಡ.

ಇದಕ್ಕೂ ಮೊದಲು, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಎಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡ ಎಂದಿತು. 2024ರಲ್ಲಿ ಎನ್‌ಸಿಇಆರ್‌ಟಿ ಮೂರನೇ ತರಗತಿಗೆ 'ಬಾಂಸುರಿ', ಆರನೇ ತರಗತಿಗೆ 'ಕೃತಿ' ಎಂಬ ಕಲಾ ಪಠ್ಯಪುಸ್ತಕಗಳನ್ನೇ ತಂದಿತು. ಕಾಗದದ ಮೇಲೆ ಕೊರತೆ ಇಲ್ಲ. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಇದ್ದಾಗ ಬಂದ ಈ ಕಾಗದಗಳೆಲ್ಲ ಒಂದೇ ಮಾತು ಹೇಳುತ್ತವೆ. ಪುಸ್ತಕ ಅಚ್ಚು ಹಾಕಿಸುವುದು ಸುಲಭ, ಸಂಬಳ ಕೊಟ್ಟು ಶಿಕ್ಷಕರನ್ನು ಇಡುವುದು ಕಷ್ಟ. ನಾವು ಓಡಾಡುವ ತಾಲ್ಲೂಕುಗಳಲ್ಲಿ ಸಂಗೀತ ಕಲಿಸುವವರು ಇರುವ ಸರ್ಕಾರಿ ಪ್ರಾಥಮಿಕ ಶಾಲೆ ಹುಡುಕಿದರೂ ಸಿಗುವುದು ಕಷ್ಟ.

ಇನ್ನೊಂದು ಕಡೆ ಕಲಿತವರು ಕೆಲಸ ಇಲ್ಲದೆ ಕೂತಿದ್ದಾರೆ. ರಾಜ್ಯದ ಶಾಲಾ ಪರೀಕ್ಷಾ ಮಂಡಳಿ ದಶಕಗಳ ಕಾಲ ಸಂಗೀತದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ನಡೆಸಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಅಲ್ಲಿಂದೆಲ್ಲ ಪಾಸಾದವರು ಮನೆಪಾಠ, ಮದುವೆ ಆರ್ಕೆಸ್ಟ್ರಾ ಎಂದು ದಿನ ದೂಡುತ್ತಾರೆ. ಪ್ರಮಾಣಪತ್ರ ಕೊಡುವುದೂ ಸರ್ಕಾರ, ಆ ಪ್ರಮಾಣಪತ್ರಕ್ಕೆ ಶಾಲೆಯಲ್ಲಿ ಜಾಗ ಇಡದಿರುವುದೂ ಸರ್ಕಾರ.

ಗಣಿತದ ಮದ್ದು ಎಂದು ಮಾರಬೇಡಿ

ಸಂಗೀತದ ಪರ ಮಾತನಾಡುವವರು ಹೆಚ್ಚಾಗಿ ಹೇಳುವ ಮಾತೊಂದಿದೆ: ಸಂಗೀತ ಕಲಿತರೆ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದೆ. ಇದನ್ನು ನಾವು ಹೇಳುವುದಿಲ್ಲ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬಂತು. ಕ್ಯಾಲಿಫೋರ್ನಿಯಾದ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಸಂಗೀತ ಕೇಳಿಸಿದ್ದರು. ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಬಿಡಿಸುವಂಥ ಒಂದು ಬಗೆಯ ಪ್ರಶ್ನೆಗಳಲ್ಲಿ ಅವರು ಸ್ವಲ್ಪ ಚೆನ್ನಾಗಿ ಉತ್ತರಿಸಿದರು. ಆ ಪರಿಣಾಮ ಇದ್ದದ್ದು ಹತ್ತು ಹದಿನೈದು ನಿಮಿಷ. ಅಷ್ಟನ್ನೇ ಹಿಡಿದುಕೊಂಡು ಮೊಜಾರ್ಟ್ ಕೇಳಿದರೆ ಮಗು ಬುದ್ಧಿವಂತ ಆಗುತ್ತದೆ ಎಂಬ ವ್ಯಾಪಾರ ಜಗತ್ತಿನ ತುಂಬ ನಡೆಯಿತು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಆ ಮಾತು ನಿಲ್ಲಲಿಲ್ಲ.

ಗಣಿತಕ್ಕೆ ಬೇಕಾಗಿರುವುದು ಗಣಿತದ ಮೇಷ್ಟ್ರು. ಸಂಗೀತವನ್ನು ಗಣಿತದ ಟಾನಿಕ್ ಎಂದು ಮಾರಿದರೆ, ಮಾರ್ಕ್ಸ್ ಬಾರದ ದಿನ ಟಾನಿಕ್ ಬಾಟಲಿಯನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ. ಸಂಗೀತ ಕಲಿಯಬೇಕಾದ್ದು ಅದು ಸಂಗೀತ ಎಂಬ ಕಾರಣಕ್ಕೆ. ಕಿವಿಯಿಂದ ಕೇಳುವುದು, ಇನ್ನೊಬ್ಬರ ದನಿಗೆ ತನ್ನ ದನಿ ಹೊಂದಿಸುವುದು, ತನ್ನ ಸರದಿ ಬರುವವರೆಗೆ ಎಣಿಸುತ್ತ ಕಾಯುವುದು, ಇವನ್ನು ಬೇರೆ ಯಾವ ವಿಷಯವೂ ಹೀಗೆ ಕಲಿಸುವುದಿಲ್ಲ. ವಿಮಾನಪುರದಂಥ ಕಡೆ ಇನ್ನೊಂದು ಲಾಭವೂ ಇದೆ. ನಿನ್ನೆ ತಾನೇ ಒಡಿಶಾದಿಂದ ಬಂದ ಮಗುವಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತದೆ. ಎಲ್ಲರ ಜತೆ ತಾಳ ಹಾಕು ಎಂದರೆ ಮೊದಲ ದಿನವೇ ಹಾಕುತ್ತದೆ. ಕನ್ನಡದ ಹಾಡೊಂದನ್ನು ಹತ್ತು ಸಲ ಗುಂಪಿನಲ್ಲಿ ಹಾಡಿದ ಮಗುವಿನ ಬಾಯಲ್ಲಿ ಕನ್ನಡ ತಾನಾಗಿ ಕೂರುತ್ತದೆ.

ನಮ್ಮ ಕನ್ನಡ ಪಾಠಕ್ಕೂ ಇದರ ಅಗತ್ಯ ಇದೆ. ಕನ್ನಡ ಪಠ್ಯಪುಸ್ತಕದಲ್ಲಿ ವಚನ ಇದೆ, ದಾಸರ ಪದ ಇದೆ, ತತ್ವಪದ ಇದೆ, ಬೇಂದ್ರೆ ಇದ್ದಾರೆ. ಎಲ್ಲವೂ ಹಾಡಿಕೊಂಡು ಬಂದವು. ತರಗತಿಯಲ್ಲಿ ಅವಕ್ಕೆ ಆಗುವುದು ಸಾರಾಂಶ, ಪದಗಳ ಅರ್ಥ, ಬಿಟ್ಟ ಸ್ಥಳ ತುಂಬಿ. ಹೈಸ್ಕೂಲಿನಲ್ಲಿ ಛಂದಸ್ಸು ಬರುತ್ತದೆ. ಲಘು ಗುರು ಗುರುತು ಹಾಕಿ, ಪ್ರಸ್ತಾರ ಹಾಕಿ, ಗಣ ವಿಂಗಡಿಸಿ ಮಾರ್ಕ್ಸ್ ಪಡೆಯಬೇಕು. ಭಾಮಿನಿ ಷಟ್ಪದಿಯ ಸಣ್ಣ ಸಾಲುಗಳಲ್ಲಿ 14 ಮಾತ್ರೆ, ಮೂರು ನಾಲ್ಕು ಮೂರು ನಾಲ್ಕು ಎಂದು ನಡೆಯುತ್ತದೆ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆ, ಅಂದರೆ ಅದೇ ಮೂರು ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು. ಇದನ್ನು ಮಕ್ಕಳು ಸೂತ್ರದಂತೆ ಬಾಯಿಪಾಠ ಮಾಡುತ್ತಾರೆ. ಕರ್ನಾಟಕ ಸಂಗೀತದ ಮಿಶ್ರ ಛಾಪು ತಾಳದ ಎಣಿಕೆಯೂ ಇದೇ, ಮೂರು ಮತ್ತು ನಾಲ್ಕು. ತಕಿಟ ತಕಧಿಮಿ ಎಂದು ಐದು ನಿಮಿಷ ಕೈ ತಟ್ಟಿಸಿದರೆ ಭಾಮಿನಿಯ ನಡೆ ಮಗುವಿನ ಮೈಗೆ ಹತ್ತುತ್ತದೆ, ಮತ್ತೆ ಮರೆಯುವುದಿಲ್ಲ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ನಾಡು ಇದು. ಆತನ ಷಟ್ಪದಿಯನ್ನು ಮೌನವಾಗಿ ಓದಿಸಿ ಪರೀಕ್ಷೆ ಮಾಡುತ್ತಿದ್ದೇವೆ.

ಎಲ್ಲರಿಗೂ ಬರುವ ವಿದ್ಯೆಯೇ?

ಸಂಗೀತ ದೇವರು ಕೊಟ್ಟ ವರ, ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಕೇಳಿಬರುತ್ತದೆ. ವಿಮಾನಪುರದಲ್ಲಿ ಈ ಮಾತಿಗೆ ಉತ್ತರ ಎದುರಿನ ಗೇಟಿನೊಳಗೇ ಇದೆ. ಎಚ್‌ಎಎಲ್‌ನಲ್ಲಿ ಐಟಿಐ ಮುಗಿಸಿದ ಹುಡುಗರನ್ನು ಅಪ್ರೆಂಟಿಸ್ ಮಾಡಿಕೊಂಡು ತರಬೇತಿ ಕೊಡುತ್ತಾರೆ. ಫಿಟ್ಟರ್ ಕೆಲಸ ಹುಟ್ಟಿನಿಂದ ಬರಬೇಕು, ಪ್ರತಿಭೆ ಇದ್ದರೆ ತಾನಾಗಿ ಅರಳುತ್ತದೆ ಎಂದು ಅಲ್ಲಿ ಯಾರೂ ಕಾಯುವುದಿಲ್ಲ. ಅರ ಹಿಡಿಯುವುದನ್ನು, ಅಳೆಯುವುದನ್ನು, ತಪ್ಪಿದರೆ ಮತ್ತೆ ಮಾಡುವುದನ್ನು ದಿನವೂ ಮಾಡಿಸುತ್ತಾರೆ. ಎಲ್ಲರೂ ದೊಡ್ಡ ಎಂಜಿನಿಯರ್ ಆಗುವುದಿಲ್ಲ, ಆದರೆ ಎಲ್ಲರಿಗೂ ಕೈ ಕೂರುತ್ತದೆ. ಸ್ವರ, ತಾಳವೂ ಹಾಗೆಯೇ.

ಬಡ ಮಕ್ಕಳು ಸಂಗೀತದಲ್ಲಿ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಸಾಕ್ಷಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಜೋಳಿಗೆ ಹಿಡಿದು, ಅಂಧ ಮತ್ತು ಅನಾಥ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ನಡೆಸಿದರು. ಬಸವರಾಜ ರಾಜಗುರು ಅವರಂಥ ದೊಡ್ಡ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅಲ್ಲಿಗೆ ಬಂದ ಮಕ್ಕಳನ್ನು ಪ್ರತಿಭೆ ನೋಡಿ ಆರಿಸಿ ತಂದದ್ದಲ್ಲ, ಯಾರೂ ಇಲ್ಲದ ಮಕ್ಕಳೇ ಬಂದರು. ಅಲ್ಲಿ ಕಲಿತವರು ಉತ್ತರ ಕರ್ನಾಟಕದ ನಾಟಕ ಕಂಪನಿ, ಮಠ, ಆಕಾಶವಾಣಿ, ಶಾಲೆ ಎಲ್ಲೆಡೆ ಹರಡಿಕೊಂಡರು. ಅನ್ನ ಸಂಪಾದಿಸಿದರು. ಮೈಸೂರಿನ ಪೊಲೀಸ್ ಬ್ಯಾಂಡ್, ಸೇನೆಯ ಬ್ಯಾಂಡ್, ಚರ್ಚ್, ಸ್ಟುಡಿಯೊ ಎಂದು ಇವತ್ತೂ ಸಂಗೀತದಿಂದ ಬದುಕುವ ದಾರಿಗಳಿವೆ. ಒಂದು ಆಶ್ರಮ ಜೋಳಿಗೆಯಿಂದ ಮಾಡಿದ್ದನ್ನು ಬೊಕ್ಕಸ ಇರುವ ಸರ್ಕಾರ ಮಾಡಲಾರದೇ?

ಎದುರು ಮಾತುಗಳು

ಮೊದಲ ಎದುರು ಮಾತು ಗಟ್ಟಿಯಾದದ್ದು: ಗಣಿತಕ್ಕೇ ಮೇಷ್ಟ್ರಿಲ್ಲ, ಮಳೆ ಬಂದರೆ ಸೂರು ಸೋರುತ್ತದೆ, ಶೌಚಾಲಯಕ್ಕೆ ನೀರಿಲ್ಲ, ಅಂಥದ್ದರಲ್ಲಿ ಸಂಗೀತವೇ? ಈ ಸುದ್ದಿಗಳನ್ನು ಬರೆಯುವವರೇ ನಾವು, ಆದ್ದರಿಂದ ತಳ್ಳಿ ಹಾಕುವುದಿಲ್ಲ. ಆದರೆ ಸಂಗೀತ ಇಲ್ಲದ ಇಷ್ಟು ವರ್ಷಗಳಲ್ಲಿ ಉಳಿದ ದುಡ್ಡಿನಿಂದ ಯಾವ ಸೂರೂ ದುರಸ್ತಿ ಆಗಿಲ್ಲ. ಬಡ ಮಗುವಿಗೆ ಎಲ್ಲವೂ ಒಂದಾದ ಮೇಲೆ ಒಂದು, ಉಳ್ಳವರ ಮಗುವಿಗೆ ಎಲ್ಲವೂ ಒಟ್ಟಿಗೆ ಎಂಬ ನ್ಯಾಯವನ್ನು ನಾವು ಒಪ್ಪುವುದಿಲ್ಲ. ಇನ್ನೊಂದು ಮಾತು, ಈಗಿರುವ ಶಿಕ್ಷಕರ ತಲೆಗೆ ಈ ಕೆಲಸ ಕಟ್ಟಬಾರದು. ಬಿಸಿಯೂಟ, ಸಮೀಕ್ಷೆ, ಚುನಾವಣೆ, ಆನ್‌ಲೈನ್ ಎಂಟ್ರಿಗಳಿಂದ ಅವರು ಆಗಲೇ ಬಳಲಿದ್ದಾರೆ. ಬೇರೆಯವರೇ ಬರಬೇಕು.

ಎರಡನೆಯದು, ಯಾರ ಸಂಗೀತ? ಶಾಸ್ತ್ರೀಯ ಎಂದರೆ ಒಂದು ಜಾತಿಯದ್ದು ಎನ್ನುತ್ತಾರೆ, ಭಜನೆ ಎಂದರೆ ಒಂದು ಧರ್ಮದ್ದು ಎನ್ನುತ್ತಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರ, ಮೊದಲ ವರ್ಷ ಶ್ರುತಿ, ತಾಳ, ಗುಂಪಿನಲ್ಲಿ ಹಾಡುವುದು. ಇವು ಎಲ್ಲ ಸಂಗೀತಕ್ಕೂ ಬುನಾದಿ. ಆಮೇಲೆ ಆ ಶಾಲೆಯ ಸುತ್ತ ಏನಿದೆಯೋ ಅದು. ವಿಮಾನಪುರದ ಶಾಲೆಯಲ್ಲಿ ಕಲಬುರಗಿಯ ತತ್ವಪದ, ಶಿವಾಜಿನಗರದ ಕವ್ವಾಲಿ, ಹಲಸೂರಿನ ತಮಿಳು ಹಾಡು, ಊರಹಬ್ಬದ ತಮಟೆ ಒಂದೇ ವರ್ಷದಲ್ಲಿ ಬರಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗಾಗಿ. ಹಬ್ಬದ ದಿನ ಊರಾಚೆಯಿಂದ ಕರೆಸಿ, ಬಾರಿಸಿದ ಮೇಲೆ ದೂರ ನಿಲ್ಲಿಸುತ್ತಿದ್ದ ಕಲೆ ಅದು. ತಮಟೆ ಕಲಾವಿದರು ಶಾಲೆಗೆ ಬಂದು, ಕುರ್ಚಿ ಮೇಲೆ ಕೂತು, ಎಲ್ಲ ಜಾತಿಯ ಮಕ್ಕಳಿಂದ 'ಸಾರ್' ಎನಿಸಿಕೊಂಡು, ತಿಂಗಳ ಕೊನೆಗೆ ಗೌರವಧನ ತೆಗೆದುಕೊಂಡು ಹೋದರೆ ಅದೇ ಒಂದು ದೊಡ್ಡ ಪಾಠ. ಸಮಾಜ ವಿಜ್ಞಾನದ ಯಾವ ಅಧ್ಯಾಯವೂ ಅಷ್ಟು ಕಲಿಸದು.

ಮೂರನೆಯದು, ಸ್ಮಾರ್ಟ್ ಕ್ಲಾಸ್ ಇದೆ, ಯೂಟ್ಯೂಬ್ ಇದೆ, ಸಾಲದೇ? ಸಾಲದು. ಯೂಟ್ಯೂಬ್ ಹಾಡುತ್ತದೆ, ಮಗು ಹಾಡಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಅಪಸ್ವರ ಬಂದಾಗ ನಿಲ್ಲಿಸಿ, ಇನ್ನೊಮ್ಮೆ ಹೇಳು ಪುಟ್ಟಾ ಎನ್ನಲು ಮನುಷ್ಯರೇ ಬೇಕು.

ಐದು ಶಾಲೆಗೆ ಒಬ್ಬರು

ಲೆಕ್ಕ ಹಾಕಿ ನೋಡಿ. ಒಂದರಿಂದ ಏಳನೇ ತರಗತಿಯ ಶಾಲೆಯಲ್ಲಿ ಏಳು ತರಗತಿ. ದಿನಕ್ಕೆ ಏಳು ಪೀರಿಯಡ್ ಎಂದರೆ ಒಂದು ದಿನದಲ್ಲಿ ಒಬ್ಬರು ಎಲ್ಲ ತರಗತಿಗೂ ಒಮ್ಮೆ ಹೋಗಬಹುದು. ಸೋಮವಾರದಿಂದ ಶುಕ್ರವಾರ ಐದು ಶಾಲೆ. ಶನಿವಾರ ಅರ್ಧ ದಿನ ಐದೂ ಶಾಲೆಯ ಆಸಕ್ತ ಮಕ್ಕಳನ್ನು ಒಂದೆಡೆ ಸೇರಿಸಿ ಗುಂಪು ಗಾಯನ. ತಿಂಗಳಿಗೊಮ್ಮೆ ಬ್ಯಾಗ್ ಇಲ್ಲದ 'ಸಂಭ್ರಮ ಶನಿವಾರ' ಹೇಗೂ ಇದೆ. ಶಾಲೆಗಳನ್ನು ಕ್ಲಸ್ಟರ್ ಎಂದು ಆಗಲೇ ಗುಂಪು ಮಾಡಲಾಗಿದೆ, ಹೊಸ ಕಚೇರಿ ಬೇಡ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವ ಪದ್ಧತಿಯೂ ಇದೆ. ಆ ಪಟ್ಟಿಯಲ್ಲಿ ಸಂಗೀತ ಎಂಬ ಹೆಸರು ಸೇರಬೇಕು. ಸೀನಿಯರ್, ವಿದ್ವತ್ ಪಾಸಾದವರ ಜತೆಗೆ ಓದಿಲ್ಲದ ಜನಪದ ಕಲಾವಿದರಿಗೂ ಅರ್ಹತೆ ಕೊಡಬೇಕು. ಶುರುವಿಗೆ ಅತಿಥಿ ಶಿಕ್ಷಕರು ಆಗಬಹುದು, ಆದರೆ ಅಲ್ಲಿಗೇ ನಿಲ್ಲಬಾರದು. ರಜೆ ಬಂದರೆ ಸಂಬಳ ನಿಲ್ಲುವ ಕೆಲಸದಲ್ಲಿ ಯಾರೂ ಹತ್ತು ವರ್ಷ ನಿಲ್ಲುವುದಿಲ್ಲ, ಸಂಗೀತ ಹತ್ತು ವರ್ಷದ ಕೆಲಸ.

ವಾದ್ಯಗಳ ಖರ್ಚು ದೊಡ್ಡದಲ್ಲ. ಶ್ರುತಿಗೆ ಮೊಬೈಲ್‌ನಲ್ಲಿ ತಂಬೂರಿ ಆ್ಯಪ್ ಪುಕ್ಕಟೆ ಸಿಗುತ್ತದೆ. ಒಂದು ಹಾರ್ಮೋನಿಯಂ, ಎರಡು ತಮಟೆ, ಒಂದು ಜತೆ ತಾಳ ಇದ್ದರೆ ಸಾಕು. ಉಳಿದದ್ದು ಗಂಟಲು, ಅಂಗೈ. ಬೆಂಗಳೂರಿನ ಪೂರ್ವ ಭಾಗದಲ್ಲಿ ದೊಡ್ಡ ಕಂಪನಿಗಳಿಗೆ ಕಡಿಮೆ ಇಲ್ಲ. ಅವರ ಸಿಎಸ್‌ಆರ್ ಹಣದಲ್ಲಿ ಶಾಲೆಗೆ ಬಣ್ಣ ಬಳಿಯುತ್ತಾರೆ, ಸ್ಮಾರ್ಟ್ ಬೋರ್ಡ್ ಕೊಡುತ್ತಾರೆ, ಫಲಕ ಹಾಕಿಸುತ್ತಾರೆ. ಅವರಿಗೆ ನಮ್ಮದೊಂದು ಕೋರಿಕೆ. ಕೀಬೋರ್ಡ್ ತಂದು ಬೀರುವಿನಲ್ಲಿ ಇಟ್ಟು ಬೀಗ ಹಾಕಿಸಬೇಡಿ. ಹುದ್ದೆ ಮಂಜೂರಾಗುವವರೆಗೆ ಮೂರು ವರ್ಷ ಒಬ್ಬ ಶಿಕ್ಷಕರ ಸಂಬಳ ಕೊಡಿ. ಅದರ ಫೋಟೊ ಚೆನ್ನಾಗಿ ಬರುವುದಿಲ್ಲ, ಕೆಲಸ ಆಗುತ್ತದೆ.

ಓದುವ ನೀವೂ ಮಾಡಬಹುದಾದದ್ದಿದೆ. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ, ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಈ ಸಲ ಮೂರು ಪ್ರಶ್ನೆ ತೆಗೆದುಕೊಂಡು ಹೋಗಿ. ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಕಲೆಗೆ ಪೀರಿಯಡ್ ಇದೆಯೇ? ಇದ್ದರೆ ಹೋದ ತಿಂಗಳು ಆ ಹೊತ್ತಿನಲ್ಲಿ ಏನು ನಡೆಯಿತು? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನಮಗೆ ಬರಬೇಕಾದ ಕಲಾ ಬೋಧಕರನ್ನು ಕೇಳಿ ಬಿಇಒ ಕಚೇರಿಗೆ ಪತ್ರ ಬರೆದಿದ್ದೇವೆಯೇ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಪ್ರತಿ ಇಟ್ಟುಕೊಳ್ಳಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಈ ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೆಯದು. ವಿಮಾನಪುರದಲ್ಲಿ ಗ್ರಾಮಸಭೆ ಇಲ್ಲ, ಆದರೆ ಎಸ್‌ಡಿಎಂಸಿ ಅಲ್ಲಿಯೂ ಇದೆ. ಒಂದು ಕ್ಲಸ್ಟರಿನ ಐದು ಶಾಲೆಗಳು ಒಟ್ಟಿಗೆ ಠರಾವು ಮಾಡಿ ಕಳಿಸಿದರೆ ಅದನ್ನು ಪಕ್ಕಕ್ಕೆ ಸರಿಸುವುದು ಕಚೇರಿಗೆ ಅಷ್ಟು ಸುಲಭವಲ್ಲ. ಠರಾವಿನ ಪ್ರತಿ ನಮಗೂ ಕಳಿಸಿ. ಮುಂದೇನಾಯಿತು ಎಂದು ಕೇಳುತ್ತ ಇರುವುದು ನಮ್ಮ ಕೆಲಸ.